ದೊಡ್ಡವರ ಲಿನಕ್ಸು

ಹೊನ್ನಾವರದ ನಮ್ಮ ಮನೆಗೆ ಬ್ರಾಡ್‌ಬ್ಯಾಂಡ್ ಬಂದದ್ದೇ ಆಯಿಗಾಗಿ. ನನ್ನ ತಮ್ಮ ದುಬೈನಲ್ಲಿ ಬೋಟಿನ ಮೇಲೆ ದುಡಿಯುತ್ತಿದ್ದ, ಶುಕ್ರವಾರ ರಜೆ. ಆವತ್ತು ಆಯಿ ತಲೆ ಬಾಚಿ ಕಂಪ್ಯೂಟರಿನ ಎದುರು ಕೂತರೆ ಮಗನ ಮುಖ ನೋಡಿಯೇ ಏಳುವುದು. ಆದರೆ ನಾನು ಕಲಿಸುವ ಶಾಲೆಯಿಂದ ಪೆನ್‌ಡ್ರೈವಿನಲ್ಲಿ ತರುತ್ತಿದ್ದ ವೈರಸ್ಸುಗಳಿಗೆ ನಮ್ಮ ವಿಂಡೋಸು ಮತ್ತೆ ಮತ್ತೆ ಮಲಗುತ್ತಿತ್ತು.

ಕುಮಟೆಯಲ್ಲಿ ಕಂಪ್ಯೂಟರು ಕಲಿಸುವ ಮಾಸ್ತರರೊಬ್ಬರು, "ವಿಂಡೋಸ್ ತೆಗ್ದು ಲಿನಕ್ಸ್ ಹಾಕ್ವ ಅಕ್ಕೋರೆ, ವೈರಸ್ಸಿನ ಕಾಟವೇ ಇಲ್ಲ" ಎಂದರು. ನಾನು ಕೇಳಿದ್ದು ಒಂದೇ: ಹೊಸಬರಿಗೆ ಸುಲಭವಾದದ್ದು ಹಾಕಿ, ಆಯಿಗೆ ಮಗನ ಮುಖ ಕಾಣಬೇಕು. "ಆತು" ಎಂದರು. ಅವರ ಚೀಲದಲ್ಲಿ ಎರಡು ಬಗೆಯ ಲಿನಕ್ಸಿನ ಎರಡು ಸೀಡಿ ಇದ್ದವು. ಸುಲಭದ್ದನ್ನು ತೋರಿಸಿ, "ಇದು ಮಕ್ಳಾಟ, ಬ್ಯಾಡ" ಎಂದು ಬದಿಗಿಟ್ಟು, ತಮಗೆ ಇಷ್ಟವಾದದ್ದನ್ನು ಹಾಕಿದರು. ಮನೆ ನನ್ನದು, ಕಂಪ್ಯೂಟರು ನನ್ನದು, ಆಯ್ಕೆ ಮಾತ್ರ ಅವರದು. ಈಗಲೂ ನೆನೆದರೆ ಮೈ ಉರಿಯುತ್ತದೆ.

ಶುಕ್ರವಾರ ತಮ್ಮನ ಸ್ವರ ಬಂತು, ಮುಖ ಬರಲಿಲ್ಲ. ಮಾಸ್ತರರಿಗೆ ಫೋನು ಮಾಡಿದರೆ, "ಆತು, ಆತು." ನಮ್ಮ ಕಡೆ ಆತು ಎಂದರೆ ಕೆಲಸ ಮುಗಿಯಿತು ಎಂದೂ ಹೌದು, ಮಾಡುವ ಎಂದೂ ಹೌದು. ಮಾಡುವ ಮನಸ್ಸಿಲ್ಲದವರಿಗೆ ಇಷ್ಟು ಅನುಕೂಲದ ಶಬ್ದ ಬೇರೆ ಇಲ್ಲ. ವಾರಗಳು ಹೋದವು. ಆಯಿ ತಲೆ ಬಾಚಿಕೊಂಡು ಕೂರುವುದನ್ನೇ ಬಿಟ್ಟಳು.

ಕಡೆಗೊಂದು ಶುಕ್ರವಾರ ಮಾಸ್ತರರು ಬಂದರು. ಕಪ್ಪು ಪರದೆಯ ಮೇಲೆ ಏನೇನೋ ಟೈಪು ಮಾಡಿ, ಕಂಪ್ಯೂಟರಿನೊಳಗಿನ ಕಿಟಕಿಗಳೆಲ್ಲ ಗಿರಗಿರ ತಿರುಗುವುದನ್ನು ತೋರಿಸಿ, "ಹೆಂಗದೆ?" ಎಂದರು. ಬಾಗಿಲಲ್ಲಿ ನಿಂತಿದ್ದ ಆಯಿ, "ತಮಾ, ನನ್ ಮಗ ಎಲ್ಲಿ?" ಎಂದು ಕೇಳಿದಳು. ಅವರು ನಕ್ಕರು.

ನಗು ಕಂಡು ನನಗೆ ತಡೆಯಲಾಗಲಿಲ್ಲ. "ಮಾಸ್ತರೆ, ನಿಮ್ಮ ಜಾಣತನ ನಿಮ್ಮ ಮನೇಲೇ ಇರ್ಲಿ. ಆ ಮಕ್ಳಾಟದ ಸೀಡಿ ಹಾಕಿ, ಇಲ್ದಿದ್ರೆ ಏಳಿ" ಎಂದೆ. ಮುಖ ಊದಿಸಿಕೊಂಡು ಹಾಕಿದರು. ಅದಕ್ಕೆ ಯಾರೂ ಏನೂ ಟೈಪು ಮಾಡಬೇಕಾಗಲಿಲ್ಲ. ಸಂಜೆಯೊಳಗೆ ತಮ್ಮ ಪರದೆಯ ಮೇಲೆ ಬಂದ.

ಆಯಿ ಅವನ ಯೋಗಕ್ಷೇಮ ಕೇಳಲಿಲ್ಲ. "ಎದ್ದು ನಿಲ್ಲು" ಎಂದಳು. ನಿಂತ. "ಎರಡೂ ಕೈ ಎತ್ತು." ಎತ್ತಿದ. "ನಡ್ದು ತೋರ್ಸು." ಅವನು ಅಲ್ಲಿನ ಸಣ್ಣ ಕೋಣೆಯಲ್ಲಿ ಗೋಡೆಯಿಂದ ಗೋಡೆಗೆ ನಡೆದ.

ಆಮೇಲೆ ಆಯಿ ನನ್ನ ಕಡೆ ತಿರುಗಿದಳು. "ಬೋಟಿನ ಮೇಲೆ ಅವನಿಗೆ ಎಂತದೋ ಆಗ್ಯದೆ, ಅದ್ಕೇ ನೀನು ಮುಖ ತೋರಿಸ್ತಿಲ್ಲ ಅಂದ್ಕಂಡಿದ್ದೆ" ಎಂದಳು.