ಟೈಲರನ ಬೈಕು ದನಿ ತಗ್ಗಿಸಿದ್ದು

ಭಾನುವಾರ ಹೆಂಡತಿಯನ್ನು ಹಿಂದೆ ಕೂರಿಸಿಕೊಂಡು ಹೆದ್ದಾರಿಯಲ್ಲಿ ಮಾವನ ಮನೆಗೆ ಹೋಗುವುದು ಟೈಲರನ ಪದ್ಧತಿ. ವೇಗ ಅರವತ್ತು ದಾಟಿದರೆ ಬೈಕು ಕಿರುಚುತ್ತಿತ್ತು. ಹೆಂಡತಿ ಬೆನ್ನ ಹಿಂದೆ ಏನೇ ಹೇಳಲಿ, ಒಂದಕ್ಷರವೂ ಕೇಳಿಸದೆ ಅವನು ‘ಹೂಂ’ ಎನ್ನುತ್ತಿದ್ದ. ಸಂಸಾರ ಸುಸೂತ್ರವಾಗಿ ನಡೆದಿತ್ತು.

ಆದರೆ ಎಂಜಿನ್ನಿನ ಗೋಳಿಗೆ ಅವನ ಕರುಳು ಚುರುಕ್ಕೆಂದಿತು. ಬೈಕನ್ನು ಗ್ಯಾರೇಜಿಗೆ ಒಯ್ದ. ಮೆಕ್ಯಾನಿಕ್ಕು ಚೈನ್ ಎಳೆಯುವ ಮುಂದಿನ ಹಲ್ಲಿನ ಚಕ್ರ, ಅಂದರೆ ಸ್ಪ್ರಾಕೆಟ್ ಬಿಚ್ಚಿ, ಎರಡು ಹಲ್ಲು ಹೆಚ್ಚಿರುವ ದೊಡ್ಡದನ್ನು ಕೂರಿಸಿದ.

“ಇನ್ಮೇಲೆ ಅದೇ ಸ್ಪೀಡಿಗೆ ಎಂಜಿನ್ ಕಮ್ಮಿ ತಿರುಗುತ್ತೆ ಅಣ್ಣ. ಮೆತ್ತಗೆ ಹೋಗುತ್ತೆ ನೋಡಿ.”

ಮುಂದಿನ ಭಾನುವಾರ ಬೈಕು ಬಾಯಿ ಮುಚ್ಚಿಕೊಂಡು ಓಡಿತು. ಹಿಗ್ಗಿ ಹೀರೇಕಾಯಿಯಾಗಿದ್ದ ಟೈಲರನ ಕಿವಿಗೆ ಹೆಂಡತಿಯ ಮಾತು ನಿಚ್ಚಳವಾಗಿ ಬಿತ್ತು.

“ನಾಳೆ ನಮ್ಮಣ್ಣ ಸಾಮಾನು ತರ್ತಾನೆ ರೀ. ಹೊಲಿಗೆ ಕೋಣೆ ಖಾಲಿ ಮಾಡಿಬಿಡಿ.”

“ಏನೇ? ನನ್ನ ಕೋಣೆ ಯಾಕೆ?”

“ಅಯ್ಯೋ, ಅವನು ನಮ್ಮನೇಲೇ ಇರಲಾ ಅಂತ ಇದೇ ದಾರೀಲಿ ನಾನು ಕೇಳಿದ್ದಕ್ಕೆ ಹೂಂ ಅಂದ್ರಲ್ಲ!”

“ಮತ್ತೆ ನನ್ನ ಮೆಷಿನ್ನು?”

“ಅಡುಗೆಮನೇಲಿ. ಅದಕ್ಕೂ ಒಪ್ಪಿದ್ರಿ. ಇನ್ನೊಂದು ಮಾತಿಗೂ ಒಪ್ಪಿದ್ರಿ, ನೆನಪಿದೆ ತಾನೆ?”

ಇನ್ನೂ ಏನೇನಕ್ಕೆ ತಲೆ ಕೊಟ್ಟಿದ್ದೇನೋ ಎಂದು ತಿಳಿಯುವ ಧೈರ್ಯ ಟೈಲರನಿಗಿರಲಿಲ್ಲ. ಅವನು ಎರಡು ಗೇರು ಇಳಿಸಿ, ಎಂಜಿನ್ನು ಮೊದಲಿನಂತೆ ಕಿರುಚುವಷ್ಟು ಆಕ್ಸಲರೇಟರ್ ತಿರುವಿದ.