ಸ್ಕ್ಯಾನಿಗೆ ಮುಂಚೆ ಊಟ ಆಯ್ತಾ?

ಹೋದ ತಿಂಗಳು ಮೂಗೂರಿಗೆ ಹೋದಾಗ ನನ್ನ ತಂಗಿ ಪಾರ್ವತಿ ಹುಲ್ಲಿನ ಮೆದೆಗೆ ಕೈ ಹಾಕಿ ತಡಕುತ್ತಿದ್ದಳು. ಹಾವು ಗೀವು ಹೊಕ್ಕಿತೇನೋ ಅಂದುಕೊಂಡೆ. ಅಲ್ಲ, ಬಾಟ್ಲಿ ಹುಡುಕುತ್ತಿದ್ದಳು!

"ಇಷ್ಟು ವರ್ಸ ನನ್ ಕಣ್ಗೆ ಮಣ್ಣೆರಚವ್ರೆ ಕಣಣ್ಣಯ್ಯ" ಎಂದು ಅತ್ತಳು.

ಅವಳ ಗಂಡ ಮಾದಪ್ಪ ಜಗಲಿಯ ಮೇಲೆ ತಲೆ ತಗ್ಗಿಸಿ ಕೂತಿದ್ದರು. ಕೊರಳಲ್ಲಿ ಲಿಂಗ ಕಟ್ಟಿದ ಮನುಷ್ಯ. ಬೀಗರ ಮನೆಯಲ್ಲಿ ಸೋಡಾ ಕೊಟ್ಟರೂ ಮೂಸಿ ನೋಡಿ ಕುಡಿಯುವವರು. (ನಾನೇ ಕಣ್ಣಾರೆ ಕಂಡಿದ್ದೇನೆ.)

ಆದದ್ದಿಷ್ಟು. ಅವರಿಗೆ ಶುಗರ್ ಇದೆ. ಲಿವರಿನಲ್ಲಿ ಕೊಬ್ಬು ಸೇರಿರಬಹುದು, ಲಿವರ್ ಎಷ್ಟು ಗಟ್ಟಿಯಾಗಿದೆ ನೋಡೋಣ ಎಂದು ಡಾಕ್ಟರು ಸ್ಕ್ಯಾನಿಗೆ ಬರೆದರು. ಮೈಸೂರಿನಲ್ಲಿ ಮಾಡಿಸಿದರು. ರಿಪೋರ್ಟಿನಲ್ಲಿ ಒಂದು ನಂಬರು, ಕೆಂಪು ಪಟ್ಟಿಯ ಕಡೆಗೊಂದು ಬಾಣ, ಇಂಗ್ಲಿಷಿನಲ್ಲಿ ಎರಡು ಸಾಲು. ಸಂಜೆಯೊಳಗೆ ಅದು ಫ್ಯಾಮಿಲಿ ಗ್ರೂಪಿನಲ್ಲಿತ್ತು. ಲಿವರ್ ಕೆಟ್ಟಿದೆ ಅಂದರೆ ನಮ್ಮ ಕಡೆ ಇನ್ನೇನರ್ಥ? ಕುಡಿತ! ಮಾರನೇ ದಿನ ಟೀ ಅಂಗಡಿಯಲ್ಲೂ ಅದೇ ಮಾತು.

ಇಂಥವನ್ನೆಲ್ಲ ಬಿಡಿಸಿ ಹೇಳಿ ಹೇಳಿ ನನಗೆ ಸಾಕಾಗಿ ಹೋಗಿದೆ ಕಣ್ರೀ. ಆದರೂ ಗಂಡ ಹೆಂಡತಿ ಇಬ್ಬರನ್ನೂ ನಂಜನಗೂಡಿನ ನಮ್ಮ ಪರಿಚಯದ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ.

ರಿಪೋರ್ಟ್ ನೋಡಿ ಅವರು ಕೇಳಿದ್ದು ಒಂದೇ. "ಸ್ಕ್ಯಾನಿಗೆ ಮುಂಚೆ ಏನಾದ್ರೂ ತಿಂದಿದ್ರಾ?"

"ತಿನ್ನದೆ ಇರ್ತೀನಾ ಸಾ?" ಎಂದರು ಮಾದಪ್ಪ. "ಆಸ್ಪತ್ರೆಗೆ ಖಾಲಿ ಒಟ್ಟೇಲಿ ಓಗ್ಬ್ಯಾಡಿ ಅಂತ ಇವ್ಳೇ ಮುದ್ದೆ ಉಣ್ಸಿ ಕಳ್ಸಿದ್ಲು. ನರಸೀಪುರದಲ್ಲಿ ಬೀಗ್ರು ಸಿಕ್ಕಿ ಮಸಾಲೆದೋಸೆ ತಿನ್ಸುದ್ರು."

ಈ ಸ್ಕ್ಯಾನಿಗೆ ಮೂರು ಗಂಟೆಯಾದರೂ ಹೊಟ್ಟೆ ಖಾಲಿ ಇರಬೇಕಂತೆ. ಉಂಡ ಮೇಲೆ ಲಿವರಿಗೆ ರಕ್ತದ ಹರಿವು ಹೆಚ್ಚಿ ನಂಬರು ಏರುತ್ತದಂತೆ.

ಬೀದಿಯಲ್ಲಿ ಎದುರಾದವರನ್ನೆಲ್ಲ "ಊಟ ಆಯ್ತಾ?" ಎಂದು ಕೇಳುವ ಜನ ನಾವು. ಕೇಳಲೇಬೇಕಾದ ಜಾಗದಲ್ಲಿ ಯಾರೂ ಕೇಳಲಿಲ್ಲ! ರಿಪೋರ್ಟಿನಲ್ಲೂ ಅದರ ಸುದ್ದಿಯಿಲ್ಲ. ಈ ನಂಬರು ಬರೀ ಅಂದಾಜು, ಊಟ ಮಾಡಿದ್ದರೆ ಹೆಚ್ಚು ತೋರಿಸಬಹುದು, ಕಾರಣ ಏನೆಂದು ಇದು ಹೇಳುವುದಿಲ್ಲ, ಶುಗರು ಬೊಜ್ಜಿನಿಂದಲೂ ಲಿವರ್ ಕೆಡುತ್ತದೆ ಎಂದು ಕನ್ನಡದಲ್ಲಿ ನಾಲ್ಕು ಸಾಲು ಬರೆದರೆ ಪ್ರಿಂಟರಿನ ಇಂಕು ಬತ್ತಿಹೋಗುತ್ತದಾ? ಮಷಿನ್ನಿಗೆ ಸುರಿಯುವ ದುಡ್ಡು ಮಾತಿಗೆ ಯಾಕಿಲ್ಲ?

ಹಸಿದು ಹೋಗಿ ಮತ್ತೆ ಮಾಡಿಸಿದೆವು. ನಂಬರು ಇಳಿದಿತ್ತು. ಸ್ವಲ್ಪ ಕೊಬ್ಬಿದೆ, ಶುಗರ್ ಹಿಡಿತದಲ್ಲಿಡಿ, ದಿನಾ ನಡೀರಿ ಎಂದರು ಡಾಕ್ಟರು. ನನಗಂತೂ ತಲೆ ಮೇಲಿನ ಬೆಟ್ಟ ಇಳಿಸಿದಂತಾಯಿತು. ಅಲ್ಲೇ ನಿಂತು ಹೊಸ ರಿಪೋರ್ಟನ್ನು ಗ್ರೂಪಿಗೆ ಹಾಕಿದೆ.

ಮೊದಲ ಉತ್ತರ ಮಾದಪ್ಪನವರ ಅಣ್ಣನ ಮಗನದು. "ಚಿಕ್ಕಪ್ಪ ಕುಡಿಯೋದ್ ಬುಟ್ಬುಟ್ರು ಅನ್ಸುತ್ತೆ. ಬಾಳ ಒಳ್ಳೇದಾಯ್ತು!"

ಅದರ ಕೆಳಗೆ ಸಾಲು ಸಾಲು ಕೈಮುಗಿಯುವ ಚಿತ್ರಗಳು. ಏನು ಮಾಡುತ್ತೀರಿ?

ವಾಪಸು ಬಸ್ಸಿನಲ್ಲಿ ಪಾರ್ವತಿ ಗಂಡನ ತೋಳು ಹಿಡಿದುಕೊಂಡು ಮೆಲ್ಲಗೆ, "ಓಗ್ಲಿ ಬುಡಿ, ಇನ್ಮೇಲಾದ್ರೂ ಮುಟ್ಬ್ಯಾಡಿ" ಎಂದಳು.

ಮಾದಪ್ಪ ನನ್ನ ಕಡೆ ತಿರುಗಿದರು.

"ಲಿವರ್ ನೆಟ್ಗದೆ ಅಂತ ಪೇಪರ್ ಕೊಟ್ರು ಭಾವ, ಮನ್ಸ ನೆಟ್ಗವ್ನೆ ಅಂತ ಯಾರ್ ಬರ್ಕೊಡ್ತಾರೆ?"