ಸಿನಿಮಾ ರೀಲಿನಲ್ಲಿ ಉಳಿದಿದ್ದ ಬಾವಿ

ಅದು ೧೯೭೬ರ ಬೇಸಿಗೆ ಇರಬೇಕು. ‘ಇರಬೇಕು’ ಎಂದು ಬರೆಯಲು ಕಾರಣವಿದೆ. ಆ ಬೇಸಿಗೆಯಿಂದ ಈಚೆಗೆ ನನ್ನ ನೆನಪನ್ನು ನಾನೇ ಪೂರ್ತಿ ನಂಬುವುದಿಲ್ಲ. ಧಾರವಾಡದಲ್ಲಿ ರಸಾಯನಶಾಸ್ತ್ರ ಓದಿ ಬಂದು ಶಹಾಬಾದಿನಲ್ಲಿ ಪಾಠ ಹೇಳುತ್ತಿದ್ದೆ. ರಜೆಗೆಂದು ಸೇಡಂನ ನಮ್ಮ ಹಿರಿಯರ ಮನೆಗೆ ಹೋದರೆ ಅಲ್ಲಿ ಜಗಳ ನಡೆದಿತ್ತು.

ಅದು ಜೋಡಿ ಮನೆ. ಊರಲ್ಲಿ ಉಳಿದ ಇಬ್ಬರು ಗಂಡುಮಕ್ಕಳಿಗೆ ಅಜ್ಜ ಒಂದೇ ಅಳತೆಯಲ್ಲಿ, ಕನ್ನಡಿಯಲ್ಲಿ ಕಂಡ ಹಾಗೆ ಎರಡು ಮನೆ ಕಟ್ಟಿಸಿದ್ದ. ಹಿತ್ತಲ ಕಡೆಯಿಂದ ನೋಡಿದರೆ ಎಡಕ್ಕೆ ಚಿಕ್ಕಪ್ಪನದು, ಬಲಕ್ಕೆ ದೊಡ್ಡಪ್ಪನದು. ನಡುವೆ ಹಿತ್ತಲನ್ನು ಎರಡು ಮಾಡುವ ಕಲ್ಲಿನ ಗೋಡೆ. ಸೇದುವ ಬಾವಿ ಮಾತ್ರ ನಟ್ಟನಡುವೆ ಬಂದಿದ್ದರಿಂದ ಗೋಡೆ ಅಲ್ಲಿ ಸ್ವಲ್ಪ ಬಳುಕಿ, ಬಾವಿಯನ್ನು ಒಂದು ಕಡೆಗೆ ಬಿಟ್ಟು ಮುಂದೆ ಹೋಗಿತ್ತು. ಗೋಡೆಯ ತುದಿಯಲ್ಲಿ ದಾಟಲು ಜಾಗ ಇತ್ತು, ಎರಡೂ ಮನೆಯವರು ನೀರು ಸೇದುತ್ತಿದ್ದರು.

ದೊಡ್ಡಪ್ಪನ ಮಗಳ ಮದುವೆಯಲ್ಲಿ ಹಂದರ ಹಾಕಲೆಂದು ಆ ಗೋಡೆ ಕೆಡವಿ, ಹಿತ್ತಲಿಗೆಲ್ಲ ಶಹಾಬಾದ್ ಕಲ್ಲು ಹಾಸಿದ್ದರು. ಅಣ್ಣತಮ್ಮ ಚೆನ್ನಾಗಿದ್ದರು, ಗೋಡೆ ಮತ್ತೆ ಏಳಲಿಲ್ಲ. ಆಮೇಲೆ ಚಿಕ್ಕಪ್ಪ ತೀರಿಹೋದ. ಅವನ ಹೆಂಡತಿ ಚಿಗವ್ವ ಎರಡು ಎಮ್ಮೆ ಕಟ್ಟಿಕೊಂಡು ಹಾಲು ಮಾರಿ ಸಂಸಾರ ನಡೆಸುತ್ತಿದ್ದಳು. ಎಮ್ಮೆಯ ಸಗಣಿ, ಸೊಳ್ಳೆ ಎಂದು ದೊಡ್ಡಪ್ಪನ ಸೊಸೆಗೂ ಅವಳಿಗೂ ಮಾತು ಬೆಳೆದು, ಗೋಡೆಯನ್ನು ಮತ್ತೆ ಕಟ್ಟುವುದು, ಈ ಸಲ ದಾಟಲು ಜಾಗ ಬಿಡದೆ ಕಟ್ಟುವುದು ಎಂದಾಯಿತು. ಆದರೆ ಬಾವಿ ಯಾರ ಕಡೆಗಿತ್ತು? ಹಾಸುಗಲ್ಲಿನ ಕೆಳಗೆ ಬುನಾದಿಯ ಗುರುತೂ ಇರಲಿಲ್ಲ. ಬಾವಿ ತಪ್ಪಿದರೆ ಚಿಗವ್ವ ಎಮ್ಮೆ ಮಾರಬೇಕಾಗಿತ್ತು. ಬೀದಿಯ ನಳದ ನೀರು ಕುಡಿಯಲಿಕ್ಕೇ ಸಾಲುತ್ತಿರಲಿಲ್ಲ.

ಚಿಗವ್ವ ದೊಡ್ಡಪ್ಪನ ಎದುರಿಗೆ ನೇರವಾಗಿ ಮಾತಾಡುವವಳಲ್ಲ. ಒಂದೇ ಪಡಸಾಲೆಯಲ್ಲಿದ್ದರೂ ಸೆರಗು ಮುಂದೆಳೆದು ನನ್ನ ಕಡೆ ತಿರುಗಿ ಹೇಳುತ್ತಿದ್ದಳು. “ತಮ್ಮಾ, ನಿಮ್ಮ ದೊಡ್ಡಪ್ಪಗ ಹೇಳು. ನಾ ಈ ಮನಿಗಿ ನಡೀಲಿಕ್ಕ ಬಂದಾಗಿಂದ ಬಾವಿ ನಮ್ಮ ಬಾಜೂನೇ ಅದ.”

ಮಾರು ದೂರದಲ್ಲಿ ಕುಳಿತಿದ್ದ ದೊಡ್ಡಪ್ಪನೂ ನನಗೇ ಹೇಳಿದ. “ನಿಮ್ಮ ಚಿಗವ್ವಗ ಹೇಳು. ಈ ಮನಿ ಕಟ್ಟೂವಾಗ ನಾ ನಿಂತು ನೋಡೀನಿ. ಬಾವಿ ನಮ್ಮ ಕಡಿ ಇತ್ತು.”

ಇಬ್ಬರೂ ಸುಳ್ಳು ಹೇಳುವವರಲ್ಲ. ನನ್ನನ್ನು ಕೇಳಿದರು. ಎಡಕ್ಕಿತ್ತು, ಅಂದರೆ ಚಿಗವ್ವನ ಕಡೆಗೆ ಎಂದು ನನಗೆ ಮಸುಕಾಗಿ ಅನಿಸುತ್ತಿತ್ತು. ಆಣೆ ಮಾಡಿ ಹೇಳುವಷ್ಟು ಧೈರ್ಯ ಇರಲಿಲ್ಲ. ಆಗಲೇ ರೀಲಿನ ನೆನಪಾದದ್ದು.

ವಾಡಿಯಲ್ಲಿ ರಸೂಲ್ ಎಂಬ ನನ್ನ ಗೆಳೆಯ ಸಣ್ಣ ಫೋಟೋ ಅಂಗಡಿ ಇಟ್ಟಿದ್ದ. ಒಮ್ಮೆ ಆ ಕಡೆ ಚಿತ್ರ ತೆಗೆಯಲು ಬಂದವರು ಬಿಟ್ಟುಹೋದ ಕಪ್ಪು ಬಿಳುಪು ಸಿನಿಮಾ ಫಿಲ್ಮಿನ ತುಂಡೊಂದು ಅವನ ಕೈಗೆ ಸಿಕ್ಕಿತ್ತು. ಅಗಲ ನಮ್ಮ ಕ್ಯಾಮೆರಾದ ರೀಲಿನಷ್ಟೇ. ರಜಾಯಿಯೊಳಗೆ ಕೈತೂರಿಸಿ, ಕತ್ತಲಲ್ಲಿ ಕತ್ತರಿಸಿ, ಹಳೆಯ ರೀಲಿನ ಖಾಲಿ ಡಬ್ಬಿಗಳಿಗೆ ಸುತ್ತಿಕೊಂಡರೆ ಮುಗಿಯಿತು. ಮದುವೆಗೆ ಮೊದಲು, ಹಿತ್ತಲ ಕೊನೆಯಲ್ಲಿ ಮನೆಗಳ ಕಡೆ ಮುಖ ಮಾಡಿ ನಿಂತು, ಗೋಡೆ ಬಾವಿ ಎರಡೂ ಬರುವ ಹಾಗೆ ಆ ಫಿಲ್ಮಿನಲ್ಲಿ ಫೋಟೋ ಒಂದು ತೆಗೆದಿದ್ದೆ. ಗೋಡೆಯ ತುದಿಯ ಮೇಲೆ ಚಿಕ್ಕಪ್ಪ ಕುಳಿತಿದ್ದ. ರೀಲು ತೊಳೆಯುವುದು ಇಂದು ನಾಳೆ ಎಂದು ಉಳಿದು, ನನ್ನ ಟ್ರಂಕಿನಲ್ಲೇ ಇತ್ತು.

“ಫೋಟೋ ಯಾರ ಬಾಜೂನೂ ಮಾತಾಡಂಗಿಲ್ಲ. ಅದು ಹೇಳಿದ್ದೇ ಖರೆ” ಎಂದ ದೊಡ್ಡಪ್ಪ. ಚಿಗವ್ವನೂ ತಲೆ ಆಡಿಸಿದಳು. ಗೋಡೆ ಕಟ್ಟುವ ಗೌಂಡಿಗೆ ಸೋಮವಾರ ಬರಲು ಹೇಳಿದರು.

ರಸೂಲನ ಅಂಗಡಿಯಿಂದ ಫಿಲ್ಮ್ ತೊಳೆಯುವ ಮದ್ದು ತಂದೆ. ಅದಕ್ಕೆ ಬೆರೆಸುವ ಬಿಳಿಗಾರ, ಚಿನ್ನದ ಕೆಲಸದ ಪತ್ತಾರರ ಮನೆಯಲ್ಲಿ ಸಿಕ್ಕಿತು. ಆ ಸೆಕೆಗೆ ಫಿಲ್ಮಿನ ಮೇಲಿನ ಪದರ ಕರಗಿ ಜಾರಿಬಿಡುತ್ತದೆ. ಅದಕ್ಕೆ ಮಣ್ಣಿನ ಗಡಿಗೆಗೆ ಒದ್ದೆ ಬಟ್ಟೆ ಸುತ್ತಿ ನೀರು ತಣ್ಣಗೆ ಮಾಡಿಟ್ಟೆ. ಜೋಳ ತುಂಬಿಡುವ ಒಳಕೋಣೆಗೆ ಕಿಟಕಿ ಇರಲಿಲ್ಲ, ಮಾಳಿಗೆಯಲ್ಲಿ ಒಂದು ಬೆಳಕಿಂಡಿ ಅಷ್ಟೆ. ಅದರ ಮೇಲೆ ಪರಸಿಗಲ್ಲು ಎಳೆದು, ಸಂದಿಗೆಲ್ಲ ಹಸಿ ಮಣ್ಣು ಮೆತ್ತಿದೆವು. ಈ ಫಿಲ್ಮಿಗೆ ಕೆಂಪು ದೀಪವೂ ಆಗದು. ಮಧ್ಯಾಹ್ನದ ಹೊತ್ತು, ಆ ಗಾಢ ಕತ್ತಲಲ್ಲಿ ಫಿಲ್ಮಿನ ಎರಡೂ ತುದಿ ಹಿಡಿದು, ಪರಾತದಲ್ಲಿದ್ದ ಮದ್ದಿನೊಳಗೆ ಮೇಲೆ ಕೆಳಗೆ ಆಡಿಸುತ್ತ ನಿಂತೆ. ಒಂದೇ ಪ್ರತಿ. ಕೆಟ್ಟರೆ ಕೆಟ್ಟಿತು.

ಹೊರಗಿನಿಂದ ಚಿಗವ್ವ ಕೇಳಿದಳು: “ತಮ್ಮಾ, ಜೀವ ಅದ ಇಲ್ಲೋ? ನೀ ಉಸರ್ ಕಟ್ಟಿ ಸತ್ತರ ನಿಮ್ಮವ್ವಗ ನಾ ಏನ್ ಹೇಳ್ಲಿ?”

“ಬಾಗಿಲಾ ತೆಗೀಬ್ಯಾಡ ಚಿಗವ್ವಾ!”

“ಅಡಗಿ ಮನ್ಯಾಗಿನ ಹೆಣಮಕ್ಕಳಗಿಂತ ಭಾಳ ಆತು ನಿನ್ನ ಮಡಿ.”

ಚಿತ್ರ ಬಂದಿತ್ತು. ಅದೇ ಬಾವಿಯ ನೀರಿನಲ್ಲಿ ಚೆನ್ನಾಗಿ ತೊಳೆದು, ಒಳಗೇ ದಾರಕ್ಕೆ ಕಟ್ಟಿ ಒಣಗಿಸಿದೆ. ನಮ್ಮ ಕಡೆಯ ನೀರೆಂದರೆ ಸುಣ್ಣ. ಒಣಗಿದ ಫಿಲ್ಮಿನ ಮೇಲೆ ಎರಡೂ ಕಡೆ ಬೂದಿ ಬಳಿದ ಹಾಗೆ ಬಿಳಿ ಪರೆ ಕೂತಿತ್ತು. ಬೇಕಾದ ಚಿತ್ರವೊಂದನ್ನೇ ಕತ್ತರಿಸಿ, ಕಾಗದದಲ್ಲಿಟ್ಟು, ವಾಡಿಗೆ ರೈಲು ಹತ್ತಿದೆ.

ರಸೂಲ್ ಅದನ್ನು ಬೆಳಕಿಗೆ ಹಿಡಿದು ತಿರುಗಿಸಿ ನೋಡಿದ. ಫಿಲ್ಮಿಗೆ ಒಂದು ಕಡೆ ಹೊಳಪು, ಒಂದು ಕಡೆ ಮಂಕು ಇರುತ್ತದೆ. ಪ್ರಿಂಟ್ ಹಾಕುವಾಗ ಮಂಕು ಮಗ್ಗುಲೇ ಕೆಳಗಿರಬೇಕು. ಫೋಟೋ ರೀಲಿನಲ್ಲಾದರೆ ಪ್ರತಿ ಚಿತ್ರದ ಅಂಚಿಗೂ ಅಂಕಿ ಇರುತ್ತದೆ, ಅದನ್ನು ಓದಿದರೂ ಸೀದಾ ಯಾವುದೆಂದು ತಿಳಿಯುತ್ತದೆ. ಸಿನಿಮಾ ಫಿಲ್ಮಿನಲ್ಲಿ ದೂರದೂರಕ್ಕೊಂದು. ನಮ್ಮ ತುಂಡಿನಲ್ಲಿ ಒಂದೂ ಇರಲಿಲ್ಲ.

“ಎಮ್ಮೆಸ್ಸಿ ಸಾಹೇಬ್ರೇ, ಎರಡೂ ಬಾಜು ಮಂಕೇ ಅದ ಅಲ್ರೀ. ಯಾವುದು ಸೀದಾ?”

ಇಬ್ಬರೂ ನೋಡಿದೆವು. ಕೊನೆಗೆ ಹೆಚ್ಚು ಮಂಕಾಗಿ ಕಂಡ ಮಗ್ಗುಲನ್ನು ಕೆಳಗಿಟ್ಟು ದೊಡ್ಡ ಪ್ರಿಂಟ್ ಹಾಕಿದ. ತಟ್ಟೆಯೊಳಗೆ ನಿಧಾನವಾಗಿ ಗೋಡೆ ಮೂಡಿತು, ಚಿಕ್ಕಪ್ಪ ಮೂಡಿದ, ಬಾವಿ ಮೂಡಿತು. ಗೋಡೆಯ ಬಲಕ್ಕೆ, ದೊಡ್ಡಪ್ಪನ ಕಡೆಗೆ.

ನಾನು ಬರೆಯಬೇಕೆಂದಿರುವುದು ಮುಖ್ಯವಾಗಿ ಮುಂದಿನ ಮಾತು. ವಾಪಸು ಬರುವ ರೈಲಿನಲ್ಲಿ, ಚಿತ್ತಾಪುರ ದಾಟುವಷ್ಟರಲ್ಲಿ, ಬಾವಿ ಬಲಕ್ಕಿದ್ದದ್ದು ನನಗೂ ಸ್ಪಷ್ಟವಾಗಿ ನೆನಪಾಗತೊಡಗಿತು. ದೊಡ್ಡಪ್ಪನ ಬಚ್ಚಲ ಬಾಗಿಲಿನಿಂದ ಬಾವಿಗೆ ಓಡಿದ್ದು, ಅಲ್ಲಿ ಕಾಲು ಜಾರಿದ್ದು, ಗಡಗಡಿಯ ಕಿರ್ ಎನ್ನುವ ಸದ್ದು ಎಲ್ಲವೂ. ಎಡಕ್ಕಿತ್ತು ಎಂದು ಹೇಗೆ ಅಂದುಕೊಂಡೆ ಎಂದು ನನಗೇ ನಗು ಬಂತು.

ಪಡಸಾಲೆಯಲ್ಲಿ ಫೋಟೋ ಇಟ್ಟಾಗ ದೊಡ್ಡಪ್ಪ ಗೆದ್ದವನ ಹಾಗೆ ಮಾಡಲಿಲ್ಲ. “ನಾ ಹೇಳಿದ್ದಿಲ್ಲೇನೋ” ಎಂದಷ್ಟೇ ಅಂದ. ಚಿಗವ್ವ ಎದ್ದು ಬಂದಳು. ಫೋಟೋ ಕೈಗೆ ತೆಗೆದುಕೊಂಡು ಬಾಗಿಲ ಬೆಳಕಿಗೆ ಹೋದಳು. “ಬಾವಿ ಹೋದ್ರ ಹೋಗ್ಲಿ. ಇವರದು ಇನ್ನೊಂದು ಫೋಟೋ ಮನ್ಯಾಗ ಇಲ್ಲ. ಇದನ್ನ ನನಗ ಕೊಡು ತಮ್ಮಾ.”

ಅವಳು ಬಾವಿ ನೋಡುತ್ತಿರಲಿಲ್ಲ, ಗಂಡನನ್ನು ನೋಡುತ್ತಿದ್ದಳು. “ಇವರ ಕಿಸೆ ಈ ಕಡಿ ಯಾಕ ಬಂತು?” ಎಂದು ತನ್ನ ಎದೆಯ ಬಲಕ್ಕೆ ಕೈ ಇಟ್ಟು ತೋರಿಸಿದಳು. “ಚಷ್ಮಾ ಯಾವಾಗ್ಲೂ ಈ ಎಡಗಡಿ ಕಿಸೆದಾಗ ಇಡ್ತಿದ್ರು. ಅಂಗಿ ಹೊಲಿಯಾಂವ ಕುಡದು ಹೊಲದಿದ್ದನೇನು?”

ನಾನು ನನ್ನ ಅಂಗಿ ನೋಡಿಕೊಂಡೆ, ದೊಡ್ಡಪ್ಪನ ಅಂಗಿ ನೋಡಿದೆ. ಒಳಗೆ ಹೋಗಿ ನಿಂಬೆಹಣ್ಣು ತಂದು, ಬಟ್ಟೆಗೆ ರಸ ಹಿಂಡಿ ಫಿಲ್ಮಿನ ತುಂಡಿನ ಮೇಲೆ ಮೆಲ್ಲಗೆ ಒರೆಸಿದೆ. ಸುಣ್ಣ ಬಿಟ್ಟಿತು. ಮಂಕೆಂದು ಕೆಳಗಿಟ್ಟಿದ್ದ ಮಗ್ಗುಲು ಗಾಜಿನ ಹಾಗೆ ಹೊಳೆಯಿತು. ಚಿತ್ರ ಎಡಬಲ ತಿರುವುಮುರುವಾಗಿತ್ತು.

“ದೊಡ್ಡಪ್ಪಾ, ಫೋಟೋ ಉಲ್ಟಾ ಆಗ್ಯಾದ. ಬಾವಿ ಎಡಕ್ಕ” ಎಂದೆ.

ಅವನು ತುಂಡನ್ನು ತಿರುಗಿಸಿ ತಿರುಗಿಸಿ ನೋಡಿ, ಅಂಗಿಯ ಕಿಸೆ ಮುಟ್ಟಿಕೊಂಡ. “ನಾ ಸುಳ್ಳ ಹೇಳಿದ್ದಿಲ್ಲೋ. ನನಗ ಹಾಂಗೇ ನೆಪ್ಪಿತ್ತು” ಎಂದ. ಅವನ ಮುಖ ನೋಡಿದರೆ, ಬಾವಿ ಕಳೆದುಕೊಂಡದ್ದಕ್ಕಿಂತ ಆ ನೆನಪು ಕಳೆದುಕೊಂಡದ್ದೇ ಅವನಿಗೆ ಹೆಚ್ಚು ನೋವಾದಂತಿತ್ತು.

ಸೋಮವಾರ ಗೌಂಡಿ ಬಂದ. ಚಿಗವ್ವ ನನ್ನ ಕಡೆ ತಿರುಗಿ, ದೊಡ್ಡಪ್ಪನಿಗೆ ಕೇಳುವಷ್ಟು ಗಟ್ಟಿಯಾಗಿ ಹೇಳಿದಳು: “ಬಾವಿ ಹಂತ್ಯಾಕ ಗ್ವಾಡಿಗಿ ಒಂದು ಕಿಂಡಿ ಬಿಡಂತ ಹೇಳು. ಅವರ ಸೊಸಿ ಅಲ್ಲಿಂದ ಕೊಡ ಚಾಚಲಿ. ನೀರಿಗೂ ಸಗಣಿ ವಾಸನಿ ಬರ್ತದಂದ್ರ ಬ್ಯಾಡ.” ಸೊಸೆ ಸೆರಗಿನಲ್ಲಿ ಬಾಯಿ ಮುಚ್ಚಿ ನಕ್ಕಳು. ಎಮ್ಮೆಗಳು ಉಳಿದವು.

ರಸೂಲನಿಂದ ಸೀದಾ ಪ್ರಿಂಟ್ ಹಾಕಿಸಿ ಚಿಗವ್ವನಿಗೆ ಕೊಟ್ಟೆ. ಅವಳು ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದಳು. ಎಷ್ಟೋ ಸಲ ಅದರ ಮುಂದೆ ನಿಂತು ನೋಡಿದ್ದೇನೆ. ಬಾವಿ ಎಡಕ್ಕಿದೆ, ಕಿಸೆ ತನ್ನ ಜಾಗದಲ್ಲಿದೆ. ಸಾಕ್ಷಿ, ಕಾರಣ ಎಲ್ಲವೂ ನನಗೆ ಗೊತ್ತು. ಆದರೂ ಕಣ್ಣು ಮುಚ್ಚಿದರೆ ಇವತ್ತಿಗೂ ದೊಡ್ಡಪ್ಪನ ಬಚ್ಚಲಿನಿಂದ ಹೊರಗೆ ಓಡುತ್ತೇನೆ, ಬಲಕ್ಕಿರುವ ಬಾವಿಯ ಹತ್ತಿರ ಕಾಲು ಜಾರುತ್ತದೆ, ಮೊಣಕಾಲು ಉರಿಯುತ್ತದೆ.